ಆಕ್ಷೇಪ ಕಾಣುತ್ತಿಲ್ಲ

ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ಕೊರಳಿನ ಹಸಿರು ಪಟ್ಟಿ ತೆಗೆಸಿ ನೀಲಿ ಪಟ್ಟಿ ಹಾಕಿಸಿದಾಗಿನಿಂದ ಸೋಮೋಯೆಗೆ ಕುತ್ತಿಗೆಯ ಹಿಂಭಾಗ ಕೆರೆಯುತ್ತಿತ್ತು. ಪಟ್ಟಿಯ ತುದಿಗೆ ತೂಗುವ ಚೀಟಿಯಲ್ಲಿ ಅದೇ ಫೋಟೊ, ಕಣ್ಣು ಅರ್ಧ ಮುಚ್ಚಿದ್ದು, ಅದೇ ಹೆಸರು. ಹೆಸರಿನ ಕೆಳಗೆ ಮಾತ್ರ ನಿನ್ನೆಯವರೆಗೆ ‘ವೀಕ್ಷಕಿ’ ಎಂದಿದ್ದ ಜಾಗದಲ್ಲಿ ‘ಪರ್ಯಾಯ ಪ್ರತಿನಿಧಿ’ ಎಂದು ಬಂದಿತ್ತು. ಹಸಿರಿನವರು ಹಿಂದಿನ ಗೋಡೆಗೆ ಒರಗಿ ಕೂರಬೇಕು. ಚಹಾ ಕುಡಿಯಬಹುದು, ಮಾತಾಡುವಂತಿಲ್ಲ. ನೀಲಿಯವರು ತಮ್ಮ ದೇಶದ ಹೆಸರಿನ ಹಿಂದೆ, ಮೈಕಿನ ಮುಂದೆ ಕೂರುತ್ತಾರೆ. ಚೀಟಿ ಬದಲಾಯಿಸಿಕೊಟ್ಟವನು ನಿಯೋಗದ ಮುಖ್ಯಸ್ಥ ಬ್ವಾನಾ ಮುನ್ಯಾವೊ. ಮೂರು ದಿವಸ ಗೋಡೆಗೆ ಬೆನ್ನು ಕೊಟ್ಟದ್ದು ಸಾಕು, ಸಮುದ್ರ ಕಂಡವಳು ನೀನು, ಗುಡ್ಡದಲ್ಲಿ ಹುಟ್ಟಿದ ನಾನಲ್ಲ, ಬಾ ಪಕ್ಕದಲ್ಲಿ ಕೂತ್ಕೋ ಎಂದಿದ್ದ. ಅವಳು ಹೆಂಗಸರ ಕೋಣೆಗೆ ಹೋಗಿ ಕನ್ನಡಿಯಲ್ಲಿ ನೀಲಿ ಪಟ್ಟಿ ನೋಡಿಕೊಂಡಳು. ಮೈತುಂಬ ಹೊದ್ದ ಕಪ್ಪು ನಿಲುವಂಗಿ ಬುಯಿಬುಯಿಯ ಮೇಲೆ ಅದು ಹೊಸ ಹಗ್ಗದ ಹಾಗೆ ಕಂಡಿತು. ತನಗೆ ಸಂತೋಷವಾಗುತ್ತಿದೆಯೆಂದು ಗೊತ್ತಾದ ಕೂಡಲೆ ಯಾರೋ ನೋಡಿದರೇನೋ ಎಂಬಂತೆ ನಲ್ಲಿ ತಿರುಗಿಸಿ, ಕೊಳೆಯಿಲ್ಲದ ಕೈಗಳನ್ನು ತೊಳೆದಳು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದ್ದಳು. ಮಾಡಬಾರದಿತ್ತು. ತಮ್ಮೂರು ಮ್ವಂಬಾನಿಯ ದಡದಲ್ಲಿ ಅಮ್ಮ ಬಿ ಜೇನಾಳ ಕಿವಿಗೆ ಬಿದ್ದದ್ದು ಬೆಳಗಿನ ಗಂಜಿ ಆರುವುದರೊಳಗೆ ಇಡೀ ದ್ವೀಪಕ್ಕೆ ಗೊತ್ತಾಗುತ್ತದೆ. ಇವತ್ತು ಸಂಜೆಯೊಳಗೆ ತೀರ್ಮಾನ ಆಗುತ್ತದಂತೆ ಎಂದು ಕೇಳಿ, ಮಧ್ಯಾಹ್ನದ ಎರಡನೆಯ ನಮಾಜಾದ ಮೇಲೆ ಮೀನು ಒಣಗಿಸುವ ಹೆಂಗಸರೆಲ್ಲ ದೋಣಿ ಚಪ್ಪರದ ಕೆಳಗೆ ಸೇರುತ್ತೇವೆ, ನೀನು ಫೋನ್ ಮಾಡು, ಸ್ಪೀಕರ್ ಹಾಕುತ್ತೇನೆ ಎಂದಳು ಅಮ್ಮ. ಕೊನೆಗೆ ದನಿ ತಗ್ಗಿಸಿ, “ಬಾಯಿ ಬಿಡ್ತೀಯ ತಾನೆ? ಇಲ್ಲಿ ಮನೇಲಿ ಕೂತ ಹಂಗೆ ಅಲ್ಲೂ ಕೂತುಬಿಟ್ಟೀಯ,” ಎಂದಿದ್ದಳು. ಸೋಮೋಯೆ ಹೂಂ ಎಂದಳು. ಹೂಂ ಎಂದದ್ದು ಅಮ್ಮನಿಗೆ ಕೇಳಿಸಿತೋ ಇಲ್ಲವೋ.

ನೈರೋಬಿಯ ಈ ಸಭಾಂಗಣದಲ್ಲಿ ಗಾಳಿಗೆ ವಾಸನೆಯೇ ಇರಲಿಲ್ಲ. ಮೂರು ದಿನದಿಂದ ಅವಳಿಗೆ ಸರಿಯಾಗಿ ಹಸಿವಾಗದಿರುವುದು ಅದಕ್ಕೇ ಇರಬೇಕು. ಇಪ್ಪತ್ತಾರು ದೇಶಗಳು ಕುದುರೆಲಾಳದ ಹಾಗೆ ಸುತ್ತ ಕೂತಿದ್ದವು. ಒಂದೊಂದರ ಮುಂದೂ ಅಂಗೈಗಿಂತ ಸ್ವಲ್ಪ ಉದ್ದದ ಬಿಳಿ ಹೆಸರುಫಲಕ. ಮಾತಾಡಬೇಕೆನ್ನುವವರು ಅದನ್ನು ಎತ್ತಿ ನೆಟ್ಟಗೆ ತುದಿಯ ಮೇಲೆ ನಿಲ್ಲಿಸಬೇಕು, ಅಷ್ಟೇ. ಆಗ ಅಧ್ಯಕ್ಷೆ ನೋಡುತ್ತಾಳೆ, ಮೈಕಿನ ಕೊರಳಲ್ಲಿ ಕೆಂಪು ದೀಪ ಹತ್ತುತ್ತದೆ. ಸಮುದ್ರದ ಮೀನುಗಾರಿಕೆಯ ಈ ಒಡಂಬಡಿಕೆಯಲ್ಲಿ ಯಾವತ್ತೂ ಮತ ಹಾಕಿದ್ದಿಲ್ಲವಂತೆ. ಎಲ್ಲರೂ ಒಪ್ಪಿದರೆ ಆಯಿತು, ಒಬ್ಬರು ಫಲಕ ನಿಲ್ಲಿಸಿದರೂ ನಿಂತಿತು. ಒಪ್ಪದ ಮಾತೆಲ್ಲ ದೊಡ್ಡ ಪರದೆಯ ಮೇಲೆ ಚೌಕ ಕಂಸಗಳ ನಡುವೆ ಇರುತ್ತಿತ್ತು. ಮೊದಲ ದಿನ ಅದನ್ನು ನೋಡಿ ಅವಳಿಗೆ ಅಪ್ಪ ಹೆಣೆಯುವ ಬುಟ್ಟಿಬಲೆ ನೆನಪಾಗಿತ್ತು. ಒಳಗೆ ಸಿಕ್ಕ ಮೀನು ಸತ್ತಿರುವುದಿಲ್ಲ, ಬದುಕೂ ಅಲ್ಲ, ಯಾರು ಬಂದು ಎತ್ತುತ್ತಾರೋ ಎಂದು ಅಲ್ಲೇ ತಿರುಗುತ್ತಿರುತ್ತದೆ. ಮಂಗಳವಾರ ಇನ್ನೂರಕ್ಕೂ ಹೆಚ್ಚು ಕಂಸಗಳಿದ್ದವು. ಶುಕ್ರವಾರದ ಈ ಮಧ್ಯಾಹ್ನ ಐದು ಉಳಿದಿದ್ದವು. ಐದರಲ್ಲಿ ಒಂದು ಅವಳದು. ಏಳನೆಯ ಕಲಮು: ಸಲಿಕೆಮೂತಿ ಶಾರ್ಕನ್ನು ಯಾರೂ ಹಿಡಿಯಬಾರದು, ಒಣಗಿಸಬಾರದು, ಮಾರಬಾರದು; ಆಮೇಲೆ ಕಂಸದೊಳಗೆ, ಹಾಯಿ ಅಥವಾ ಹುಟ್ಟಿನಿಂದ ನಡೆಯುವ ದೋಣಿಯವರು ಮನೆಯೂಟಕ್ಕೂ ಊರ ಸಂತೆಗೂ ಹಿಡಿದದ್ದನ್ನು ಹೊರತುಪಡಿಸಿ. ಅಷ್ಟು ಮಾತಿನೊಳಗೆ ಮ್ವಂಬಾನಿ ಇತ್ತು. ಅಪ್ಪ ಬ್ವನಾಹೇರಿಯ ದೋಣಿ, ಅಮ್ಮನ ಒಣಹಾಕುವ ತಟ್ಟಿಗಳು, ತೆಂಗಿನ ಹಾಲಲ್ಲಿ ಬೇಯುವ ಒಣಶಾರ್ಕಿನ ಸಾರು ಎಲ್ಲ ಇತ್ತು. ಕಂಸ ತೆಗೆದು ಮಾತು ಉಳಿಸಿದರೆ ಊರು ಉಳಿಯಿತು. ಕಂಸದ ಜೊತೆಗೆ ಮಾತನ್ನೂ ತೆಗೆದರೆ ಮಾರನೆಯ ವರ್ಷದಿಂದ ಅಮ್ಮ ಕಳ್ಳಿ.

ಒಪ್ಪಿಗೆ ಆಗುವುದು ಈ ಕೋಣೆಯಲ್ಲಲ್ಲ, ಹೊರಗೆ ಚಹಾದ ಹಂಡೆಯ ಹತ್ತಿರ ಎಂಬುದು ಅವಳಿಗೆ ಎರಡನೆಯ ದಿನವೇ ಗೊತ್ತಾಗಿತ್ತು. ಗೋಡೆಗೆ ಒರಗಿ ಕೂತವರಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲವಲ್ಲ. ದೊಡ್ಡ ದೊಡ್ಡ ಟ್ರಾಲರುಗಳಿರುವ ದೇಶದ ಬೋಳುತಲೆಯ ಮನುಷ್ಯ ಕಿತ್ತಳೆ ಸುಲಿಯುತ್ತಾನೆ, ಸಿಪ್ಪೆ ಎಲ್ಲೂ ಹರಿಯದ ಹಾಗೆ ಒಂದೇ ಉದ್ದ. ಅವನ ಸುತ್ತ ಮೂವರು ಬಂದು ನಿಂತರೆಂದರೆ ಇನ್ನೊಂದು ಗಂಟೆಯೊಳಗೆ ಪರದೆಯಲ್ಲಿ ಒಂದು ಕಂಸ ಬಿದ್ದುಹೋಗುತ್ತದೆ. ಅಧ್ಯಕ್ಷೆ, ಬಿಳಿಗೂದಲಿನ ಎತ್ತರದ ಹೆಂಗಸು, ಯಾರದಾದರೂ ಮೊಣಕೈಯನ್ನು ಮೆತ್ತಗೆ ಹಿಡಿದುಕೊಂಡು ಮಾತಾಡಿದರೆ ಆ ಮನುಷ್ಯ ಆಮೇಲೆ ಫಲಕ ನಿಲ್ಲಿಸುವುದಿಲ್ಲ. ಇವತ್ತು ಊಟದ ಹೊತ್ತಿಗೆ ಕಿತ್ತಳೆಯವನ ಸುತ್ತ ಇದ್ದ ಮೂವರಲ್ಲಿ ಒಬ್ಬ ಮುನ್ಯಾವೊ. ಅಧ್ಯಕ್ಷೆ ಅವನ ಮೊಣಕೈ ಹಿಡಿದಿದ್ದಳು. ಸೋಮೋಯೆ ಮೆಕ್ಕೆಜೋಳದ ಉಗಾಲಿಯ ಉಂಡೆ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಅವನೂ ಅವಳನ್ನು ನೋಡಿದ. ನಕ್ಕು, ಊಟ ಮಾಡು ಎಂಬಂತೆ ಬಾಯಿಯ ಹತ್ತಿರ ಕೈ ತಂದು ತೋರಿಸಿದ. ಒಳ್ಳೆಯ ಮನುಷ್ಯ. ಮೂರು ದಿನದಿಂದ ಏಳನೆಯ ಕಲಮಿಗಾಗಿ ಫಲಕ ನಿಲ್ಲಿಸಿ ನಿಲ್ಲಿಸಿ, ನಮ್ಮ ಕರಾವಳಿಯ ಜನ ಎಂದು ಮೇಜು ತಟ್ಟಿ ಮಾತಾಡಿದ್ದು ಪತ್ರಿಕೆಯಲ್ಲೂ ಬಂದಿತ್ತು. ಒಮ್ಮೆ ಅಪ್ಪನ ದೋಣಿ ಹತ್ತಿ ಹವಳದ ದಿಬ್ಬ ದಾಟುವಷ್ಟರಲ್ಲಿ ವಾಂತಿ ಮಾಡಿಕೊಂಡು, ಅಪ್ಪನ ಮೊಣಕಾಲಿನ ಮೇಲೆ ತಲೆಯಿಟ್ಟು ಮಲಗಿದವನು. ಅಂಥವನನ್ನು ಅನುಮಾನಿಸುವುದು ತನ್ನ ಕೆಟ್ಟ ಬುದ್ಧಿ ಎಂದುಕೊಂಡಳು. ಉಂಡೆಯನ್ನು ನುಂಗಿದಳು.

ಊಟ ಮುಗಿದು ಸಭೆ ಸೇರಿದಾಗ ಪರದೆಯ ಮೇಲೆ ಮತ್ತೆ ಶಾರ್ಕುಗಳ ಲೆಕ್ಕದ ಆ ಗೆರೆ ಬಂತು. ಶಾರ್ಕುಗಳ ಅಧ್ಯಯನ ಮಾಡುವ ಡಾಕ್ಟರ್ ವಂಗೇಚಿ ಅದನ್ನು ದಿನಕ್ಕೊಮ್ಮೆಯಾದರೂ ತೋರಿಸುತ್ತಿದ್ದಳು. ಏಳು ವರ್ಷದ ಹಿಂದೆ ಮ್ವಂಬಾನಿಗೆ ಬಂದು, ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಹತ್ತು ತಿಂಗಳು ಸಂಸಾರ ಮಾಡಿ ತಲಾಕಾಗಿ ಮನೆಗೆ ಮರಳಿದ್ದ ಹುಡುಗಿಯ ಕೈಗೆ ಅಳತೆಪಟ್ಟಿ, ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ ಕೊಟ್ಟವಳು ಅವಳೇ. ದಡಕ್ಕೆ ಬಂದ ಶಾರ್ಕುಗಳನ್ನೆಲ್ಲ ಎಣಿಸು, ಉದ್ದ ಅಳೆ, ಗಂಡೋ ಹೆಣ್ಣೋ ಬರಿ. ಬೇರೆ ಏನೂ ಬೇಡ. “ಕಣ್ಣಿಗೆ ಕಂಡದ್ದು ಮಾತ್ರ ಬರಿ, ಸೋಮೋಯೆ. ಕೇಳಿದ್ದು, ಅಂದುಕೊಂಡದ್ದು ಬರೀಬೇಡ.” ಸೋಮೋಯೆ ಅದನ್ನು ಮಂತ್ರದ ಹಾಗೆ ಪಾಲಿಸಿದ್ದಳು. ಗೆರೆ ಎಡಗಡೆ ಎತ್ತರದಲ್ಲಿ ಹುಟ್ಟಿ, ಮೆಟ್ಟಿಲಿಳಿದಂತೆ ಇಳಿದು, ಬಲಗಡೆ ನೆಲಕ್ಕೆ ಮುಟ್ಟುತ್ತಿತ್ತು. ಮೊದಲ ವರ್ಷ ನೂರಹನ್ನೆರಡು. ಕಳೆದ ವರ್ಷ ಮೂರು. ಮೂಲೆಯಲ್ಲಿ ಅವಳ ಪುಸ್ತಕದ ಒಂದು ಪುಟದ ಚಿತ್ರ, ಅವಳ ಗುಂಡಗಿನ ಅಕ್ಷರ, ಉಪ್ಪುನೀರಿನ ಕಲೆ. ಇಪ್ಪತ್ತಾರು ದೇಶಗಳೂ ಆ ಗೆರೆಯನ್ನು ನೋಡಿ ತಲೆ ತಗ್ಗಿಸುತ್ತಿದ್ದವು. ಮೊದಲ ದಿನ ವಂಗೇಚಿ ಇದ್ದಕ್ಕಿದ್ದಂತೆ ಹಿಂದಿನ ಗೋಡೆಯ ಕಡೆ ಕೈ ತೋರಿಸಿ, ಇದನ್ನು ಬರೆದವಳು ಅಲ್ಲಿದ್ದಾಳೆ ಎಂದಾಗ ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದ್ದರು. ಎದ್ದು ನಿಂತವಳ ಬಾಯಿತುಂಬ ಮಂದಾಜಿ ರೊಟ್ಟಿ ಇತ್ತು. ಉಗುಳುವಂತಿಲ್ಲ, ಅಗಿಯುವಂತಿಲ್ಲ, ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಳು. ಭಾವುಕಳಾಗಿದ್ದಾಳೆ ಎಂದುಕೊಂಡು ಅವರು ಇನ್ನಷ್ಟು ತಟ್ಟಿದರು.

ಗೆರೆ ಸುಳ್ಳಲ್ಲ. ಒಂದೊಂದು ಅಂಕಿಯೂ ಕಣ್ಣಿಗೆ ಕಂಡದ್ದೇ. ಆದರೆ ಮೂರನೆಯ ವರ್ಷದ ಒಂದು ಬೆಳಿಗ್ಗೆ ಅವಳು ದಡದಲ್ಲಿ ಒಂದೇ ಒಂದು ಸಲಿಕೆಮೂತಿಯನ್ನು ಅಳೆದು ಮನೆಗೆ ಬಂದರೆ ಅಮ್ಮನ ತಟ್ಟಿಯ ಮೇಲೆ ನಾಲ್ಕರ ಮಾಂಸ ಒಣಗುತ್ತಿತ್ತು. ಉಪ್ಪು ಇನ್ನೂ ಕರಗಿರಲಿಲ್ಲ. ಅಮ್ಮ ನೊಣ ಓಡಿಸುತ್ತ ಅವಳ ಮುಖವನ್ನೇ ನೋಡಿದಳು. ಸೋಮೋಯೆ ಪುಸ್ತಕವನ್ನು ಬುಯಿಬುಯಿಯ ಒಳಗೆ ಸರಿಸಿ ನೀರು ಸೇದಲು ಹೋದಳು. ಗಂಡಸರು ಬೆಳಕು ಹರಿಯುವ ಮೊದಲೇ ಮ್ಯಾಂಗ್ರೋವ್ ಕಾಲುವೆಯೊಳಗೆ ದೋಣಿ ತಿರುಗಿಸಿ ಹಿಡಿದದ್ದನ್ನು ಅಲ್ಲೇ ಇಳಿಸುತ್ತಿದ್ದರು. ಸೋಮೋಯೆ ಕೆಟ್ಟವಳೆಂದಲ್ಲ. ಎಣಿಸಿದ್ದು ಇವತ್ತಲ್ಲ ನಾಳೆ ಕೋರ್ಟಿಗೆ ಬರುತ್ತದೆ ಎಂದು ಯಾರೋ ಹೇಳಿದ್ದರು. ದೋಣಿ ಚಪ್ಪರದಡಿ ಹಿರಿಯರು, ನಿನ್ನ ಪೆನ್ಸಿಲ್ ನಮ್ಮ ಮೇಲೆ ತಿರುಗೋದಿಲ್ಲ ತಾನೆ ಎಂದು ಕೇಳಿದಾಗ, ಇಲ್ಲ ಎಂದು ಅವಳು ತಲೆಯಾಡಿಸಿದ್ದಳು. ಆದರೂ ಅವಳ ದಡಕ್ಕೆ ಬರುವುದನ್ನು ಅವರು ಸ್ವಲ್ಪ ಸ್ವಲ್ಪವೇ ಬಿಟ್ಟರು. ಹಾಗಾದರೆ ನೂರಹನ್ನೆರಡರಿಂದ ಮೂರಕ್ಕೆ ಇಳಿದದ್ದರಲ್ಲಿ ಸಮುದ್ರ ಬರಿದಾದದ್ದು ಎಷ್ಟು, ತನಗೆ ಹೆದರಿ ಮರೆಯಾದದ್ದು ಎಷ್ಟು? ಅಪ್ಪನನ್ನು ಕೇಳಿದರೆ ಅವನೂ ಒಮ್ಮೆ, ಮೊದಲಿನ ಹಾಗೆ ಎಲ್ಲಿದೆ ಮಗಳೆ, ರಾತ್ರಿಯೆಲ್ಲ ಬಲೆ ಬಿಟ್ಟರೂ ಒಂದಿಲ್ಲ ಎನ್ನುತ್ತಿದ್ದ. ಇನ್ನೊಮ್ಮೆ, ಕಾಲುವೆಯಲ್ಲಿ ಬೇಕಾದಷ್ಟಿದೆ ಎನ್ನುತ್ತಿದ್ದ. ಒಂದು ಹೆಣ್ಣು ಸಲಿಕೆಮೂತಿ ದಡದ ಮರಳಿನ ಮೇಲೆ ಸಾಯುತ್ತ ಎಂಟು ಮರಿ ಹಾಕಿದ್ದನ್ನು ಅವಳೇ ನೋಡಿದ್ದಳು. ಒಂದೊಂದೂ ಮೊಳದಷ್ಟು, ತಾಯಿಯದೇ ಅಚ್ಚು, ಬಾಯಿ ತೆರೆದು ಮುಚ್ಚಿ. ನೀರಿಗೆ ಒಯ್ದು ಬಿಟ್ಟರೆ ಮಗುಚಿ ತೇಲಿದವು. ಅದನ್ನು ಬರೆಯಲು ಪುಸ್ತಕದಲ್ಲಿ ಕಂಬಸಾಲು ಇರಲಿಲ್ಲ. ಆ ಎಂಟು ಮರಿಗಳಿಗಾಗಿ ಯಾರೂ ಹಿಡಿಯದೆ ಇರಲಿ ಎಂದು ಅವಳ ಒಂದು ಮನಸ್ಸು ಆಗಾಗ ಬೇಡಿಕೊಳ್ಳುತ್ತಿತ್ತು. ಆ ಮನಸ್ಸು ಯಾವತ್ತೂ ಅಮ್ಮನ ತಟ್ಟಿಯ ಎದುರು ನಿಂತು ಬೇಡಿಕೊಂಡದ್ದಿಲ್ಲ. ಕಾಲುವೆಯ ಸಂಗತಿಯನ್ನು ವಂಗೇಚಿಗೆ ಹೇಳಬೇಕೆಂದು ನಾಲ್ಕು ವರ್ಷದಿಂದ ಬಾಯಿ ತೆರೆದದ್ದೆಷ್ಟು ಸಲ. ಹೇಳಿದರೆ ಗೆರೆ ಬಿತ್ತು. ಗೆರೆ ಬಿದ್ದರೆ ವಂಗೇಚಿ ಬಿದ್ದಳು. ಕಾಲುವೆಗೆ ಪೊಲೀಸರು ಬಂದರು. ಹೇಳದಿದ್ದರೆ ಆ ಗೆರೆಯೇ ಊರಿನ ಕೊರಳಿಗೆ ಹಗ್ಗ.

ಮೂರೂವರೆಯಾಗಿತ್ತು. ಪರದೆಯ ಮೇಲೆ ನಾಲ್ಕನೆಯ ಕಲಮಿನ ಬಗ್ಗೆ ಯಾರೋ ನಿಧಾನವಾಗಿ ಓದುತ್ತಿದ್ದರು. ಮುನ್ಯಾವೊ ಕೊರಳ ಗುಂಡಿ ಸಡಿಲಿಸಿ, ಮಾತ್ರೆ ನುಂಗುವ ಹೊತ್ತಾಯಿತು, ಒಂದು ಕಪ್ ಚಹಾ ಕುಡಿದು ಬರುತ್ತೇನೆ ಎಂದ. ಏಳನೆಯದು ಬರುವಷ್ಟರಲ್ಲಿ ಐದು ದಾಟುತ್ತದೆ. ಹಾಗೇನಾದರೂ ಮೊದಲೇ ಬಂದರೆ ಈ ಫಲಕ ಎತ್ತಿ ನಿಲ್ಲಿಸು ಸಾಕು. “ಏನೂ ಮಾತಾಡ್ಬೇಡ. ನಿಲ್ಸು, ಅಷ್ಟೇ. ಬಾಗಿಲಿಂದ ನೋಡಿ ಓಡಿ ಬರ್ತೀನಿ.” ಫಲಕವನ್ನು ತನ್ನ ಮುಂದಿನಿಂದ ಅವಳ ಮುಂದಕ್ಕೆ ಎರಡು ಬೆರಳಲ್ಲಿ ಸರಿಸಿದ. ಏಳುವಾಗ ಅವಳ ಭುಜದ ಮೇಲೆ ಕೈಯಿಟ್ಟ. ಕೈ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು. ಆಮೇಲೆ ಅವಳು ಆ ಭುಜವನ್ನು ಎಷ್ಟೋ ಸಲ ನೆನೆಸಿಕೊಂಡಳು. ಆ ಹೊತ್ತಿನಲ್ಲಿ ಮಾತ್ರ ಅವಳಿಗೆ ಹೊಳೆದದ್ದು ಇಷ್ಟೇ: ನಾಲ್ಕನೆಯ ಕಲಮಿಗೆ ಯಾರೂ ಫಲಕ ನಿಲ್ಲಿಸುತ್ತಿಲ್ಲ. ಟಕ್ ಎಂದು ಅಧ್ಯಕ್ಷೆಯ ಮರದ ಸುತ್ತಿಗೆ ಬಿತ್ತು. ಐದನೆಯದೂ ಹಾಗೇ. ಆರನೆಯದರಲ್ಲಿ ಕಿತ್ತಳೆಯವನು, ಎಲ್ಲರಿಗೂ ಒಂದೇ ನಿಯಮವಾದರೆ, ಯಾರಿಗೂ ವಿನಾಯಿತಿ ಇಲ್ಲದಿದ್ದರೆ, ತಮ್ಮ ಟ್ರಾಲರುಗಳನ್ನು ನಿಲ್ಲಿಸುವುದಕ್ಕೆ ತಮ್ಮ ಅಭ್ಯಂತರವಿಲ್ಲ ಎಂದು ಕಾಗದ ನೋಡಿ ಓದಿದ. ಮತ್ತೆ ಟಕ್. ಉದ್ದ ಸಿಪ್ಪೆ ಮೇಜಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಅವನು ಓದುತ್ತಿದ್ದ ಮಾತಿನ ಬೆನ್ನಿಗೇ ಪರದೆಯಲ್ಲಿ ಏಳನೆಯ ಕಲಮು ಮೇಲೆದ್ದು ಬಂತು. ಟೈಪು ಮಾಡುವ ಹುಡುಗಿ ಕಂಸದೊಳಗಿನ ಮಾತಿನ ಮೇಲೆ ಆಗಲೇ ಒಂದು ಗೆರೆ ಎಳೆದಿದ್ದಳು.

ಸೋಮೋಯೆ ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಎದೆಯೆತ್ತರದಲ್ಲಿ ಒಂದು ಗಾಜು. ಗಾಜಿನಲ್ಲಿ ಕಿಟಕಿಯ ಬೆಳಕು ಬಿಟ್ಟು ಏನೂ ಕಾಣಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಏಳನೆಯ ಕಲಮಿನ ಬಗ್ಗೆ ಸಂಬಂಧಪಟ್ಟವರು ತುಂಬ ಉದಾರವಾಗಿ ನಡೆದುಕೊಂಡಿದ್ದಾರೆ, ಕಂಸದೊಳಗಿನ ಮಾತಿಲ್ಲದೆ ಈಗ ಪರದೆಯಲ್ಲಿರುವಂತೆ ಇದಕ್ಕೆ ಸರ್ವಸಮ್ಮತಿ ಮೂಡಿದೆ ಎಂದು ತಾನು ತಿಳಿದಿದ್ದೇನೆ ಎಂದಳು. ಆಮೇಲೆ ಕೇಳಿದಳು. “ಯಾರದಾದರೂ ಆಕ್ಷೇಪ ಇದೆಯೆ?”

ಅವಳ ಕಣ್ಣು ಒಂದು ತುದಿಯಿಂದ ಹೊರಟಿತು. ಒಂದೊಂದು ಬಿಳಿ ಫಲಕವನ್ನೂ ಮುಟ್ಟಿ ಮುಟ್ಟಿ ಬರುತ್ತಿತ್ತು. ಸೋಮೋಯೆ ಎರಡು ಬೆರಳನ್ನು ಫಲಕದ ಅಡಿಗೆ ತೂರಿಸಿದಳು. ಅಂಚು ಒಂದು ಬೆರಳಿನಷ್ಟು ಮೇಲೆದ್ದಿತು. ಅದಕ್ಕೆ ತೂಕವೇ ಇರಲಿಲ್ಲ. ನಿಲ್ಲಿಸು, ಅಷ್ಟೇ. ನಿಲ್ಲಿಸಿದರೆ ಕೆಂಪು ದೀಪ ಹತ್ತುತ್ತದೆ. ಅವನು ಓಡಿ ಬರುತ್ತಾನೆ. ಬರದಿದ್ದರೆ? ಇಪ್ಪತ್ತಾರು ದೇಶ ತಿರುಗುತ್ತದೆ, ವಂಗೇಚಿ ತಿರುಗುತ್ತಾಳೆ, ಏಕೆ ಎಂದು ಕೇಳುತ್ತಾರೆ. ಏಕೆ ಎಂದರೆ, ಏಕೆ ಎಂದರೆ. ಬಾಯಿ ತೆರೆದರೆ ಕಂಸದ ಮಾತಷ್ಟೇ ಬರುತ್ತದೆ ಎಂದು ಯಾವ ನಂಬಿಕೆ. ನಾಲ್ಕು ವರ್ಷದಿಂದ ಗಂಟಲಲ್ಲಿರುವ ಕಾಲುವೆಯೂ ಅದರ ಹಿಂದೆಯೇ ಬಂದುಬಿಟ್ಟರೆ. ಮೊದಲು ಯಾವುದನ್ನು ಹೇಳಬೇಕು? ಆ ಹೊತ್ತಿಗೆ ಅವಳು ಮತ್ತೆ ತನ್ನ ಮದುವೆಯ ದಿನದ ಬಾಗಿಲ ಪರದೆಯ ಹಿಂದೆ, ಸೋದರತ್ತೆಯ ಕೋಣೆಯ ಚಾಪೆಯ ಮೇಲೆ ಕೂತಿದ್ದಳು. ಕೈಗೆಲ್ಲ ಹಸಿ ಗೋರಂಟಿ, ಯಾವುದನ್ನೂ ಮುಟ್ಟುವಂತಿಲ್ಲ. ಆಚೆ ಚಿಕ್ಕಪ್ಪ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದು ನಿಂತು, ಇಂಥವರ ಮಗ ಇಂಥವನಿಗೆ ನಿನ್ನನ್ನು ಕೊಡುತ್ತಿದ್ದೇವೆ, ಒಪ್ಪಿಗೆಯೆ ಎಂದು ಕೇಳಿದ. ಹುಡುಗಿಯ ಮೌನವೇ ಒಪ್ಪಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಆದರೂ ಮೂರು ಸಲ ಕೇಳಬೇಕು. ಅವಳು ಒಪ್ಪಿ ಸುಮ್ಮನಿದ್ದದ್ದಲ್ಲ. ಬೇಡವೆಂದೂ ಅಲ್ಲ. ಆ ಮನುಷ್ಯನನ್ನು ಒಮ್ಮೆ ಸಕ್ಕರೆ ಅಂಗಡಿಯ ಮುಂದೆ ಕಂಡಿದ್ದಳು, ಕತ್ತೆಯನ್ನು ಹೊಡೆಯುತ್ತಿದ್ದ. ಅದನ್ನು ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಹುಡುಕುತ್ತಿದ್ದಳು. ಕತ್ತೆಯಿಂದಲೇ, ಅಂಗಡಿಯಿಂದಲೇ, ಕ್ಷಮಿಸಿ ಚಿಕ್ಕಪ್ಪ ಎಂದೇ? ಎರಡನೆಯ ಸಲ ಕೇಳಿದ. ಗೋಡೆಯ ಮೇಲೆ ಬಾಲ ಕಳೆದುಕೊಂಡ ಹಲ್ಲಿಯೊಂದಿತ್ತು. ಮೂರನೆಯ ಸಲ. ಇನ್ನೇನು ಮಾತು ಸಿಕ್ಕಿತು ಎನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಮ್ಮ ಅವಳ ಮುಖ ನೋಡಿ, ಆಯ್ತು, ಒಪ್ಪಿದಳು ಎಂದಳು. ಹೆಂಗಸರು ನಾಲಗೆ ಹೊರಳಿಸಿ ಉಲುಲು ಹಾಕಿದರು. ಹುಡುಕುತ್ತಿದ್ದ ಮಾತು ಆ ಸದ್ದಿನಲ್ಲಿ ಎಲ್ಲಿಗೆ ಹೋಯಿತೋ.

ಅಧ್ಯಕ್ಷೆಯ ಕಣ್ಣು ಅವಳ ಫಲಕದ ಮೇಲೆ ಬಂದು ನಿಂತಿತು. ಅರ್ಧ ಎದ್ದ ಅಂಚನ್ನು ಅವಳು ನೋಡಿದಳೆಂದೇ ಸೋಮೋಯೆಗೆ ಅನ್ನಿಸಿತು. ಒಂದು ಉಸಿರು. ಅಧ್ಯಕ್ಷೆ ನಸುನಕ್ಕಳು, ಭಯಪಡುವ ಮಗುವಿಗೆ ನಗುವ ಹಾಗೆ. ಎರಡು ಉಸಿರು. “ಆಕ್ಷೇಪ ಕಾಣುತ್ತಿಲ್ಲ,” ಎಂದಳು. ಟಕ್. ಫಲಕ ಸೋಮೋಯೆಯ ಬೆರಳುಗಳ ಮೇಲೆ ಕವುಚಿ ಬಿತ್ತು.

ಚಪ್ಪಾಳೆ ಬಹಳ ಹೊತ್ತು ಇತ್ತು. ಹನ್ನೊಂದು ವರ್ಷದಿಂದ ಆಗದೆ ಇದ್ದದ್ದು ಆಯಿತು ಎಂದು ಯಾರೋ ಮೈಕಿನಲ್ಲಿ ಹೇಳಿದರು. ಜನ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ವಂಗೇಚಿ ಕುರ್ಚಿಗಳ ಸಾಲನ್ನು ದಾಟಿಕೊಂಡು ಬಂದು ಸೋಮೋಯೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. “ನಿನ್ನ ಪುಸ್ತಕದಿಂದ ಆಯ್ತು ಕಣೆ ಇದು. ನಿನ್ನ ಊರಿಗೆ ಕಷ್ಟ ಆಗತ್ತೆ, ನಂಗೊತ್ತು. ಆದ್ರೂ ನೀನು ಸುಮ್ಮನಿದ್ದೆ. ಎಂಥಾ ದೊಡ್ಡ ಮನಸ್ಸು ಬೇಕು ಅದಕ್ಕೆ.” ಸೋಮೋಯೆಯ ಮುಖ ಅವಳ ಕೈಗಳೊಳಗೆ ಅಲ್ಲಾಡುವಂತಿರಲಿಲ್ಲ. ಕಾಲುವೆ ಎಂದಳು, ಎಂದಳೆಂದುಕೊಂಡಳು. ವಂಗೇಚಿಯನ್ನು ಯಾರೋ ಫೋಟೊಗೆ ಕರೆದರು. ಅವಳು ಹೋದ ಮೇಲೂ ಕೆನ್ನೆಯ ಮೇಲೆ ಅವಳ ಬೆರಳಿನ ಒದ್ದೆ ಉಳಿದಿತ್ತು. ಪರದೆಯ ಮೇಲೆ ಏಳನೆಯ ಕಲಮು ಈಗ ಎಷ್ಟು ಚಿಕ್ಕದಾಗಿ, ಚೊಕ್ಕವಾಗಿ ಕಾಣುತ್ತಿತ್ತೆಂದರೆ ಅಲ್ಲಿ ಮತ್ತೊಂದು ಮಾತು ಇತ್ತೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮುನ್ಯಾವೊ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿದ್ದ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟ. ಏನಾಯಿತು, ಅಷ್ಟು ಬೇಗ ಬಂದುಬಿಟ್ಟಿತೆ, ಅಯ್ಯೋ ಎಂದ. ಅವನು ಅಯ್ಯೋ ಎನ್ನುವಾಗ ಅವಳು ಕಪ್ಪನ್ನು ನೋಡುತ್ತಿದ್ದಳು. ಅದು ಅಂಚಿನವರೆಗೆ ತುಂಬಿತ್ತು. ಮೇಲೆ ಕೆನೆ ಕಟ್ಟಿ, ಸುಕ್ಕಾಗಿ, ಒಂದು ಪಕ್ಕಕ್ಕೆ ಸರಿದಿತ್ತು. ಒಂದು ಗುಟುಕೂ ಕುಡಿಯದೆ, ಅಲ್ಲಾಡಿಸದೆ, ಒಂದೇ ಕಡೆ ನಿಂತು ಹಿಡಿದಿದ್ದ ಚಹಾ. ದಡದಲ್ಲಿ ಮೀನಿನ ಕಿವಿರು ನೋಡಿ ಎಷ್ಟು ಹೊತ್ತಿಗೆ ಸತ್ತದ್ದು ಎಂದು ಹೇಳಬಲ್ಲವಳಿಗೆ ಅದು ಕಷ್ಟವಿರಲಿಲ್ಲ.

“ನೀವು ಬಾಗಿಲ ಹತ್ರಾನೇ ಇದ್ರಿ,” ಎಂದಳು.

ಅವನು ಬೇರೆ ಏನೋ ಹೇಳಲು ಹೊರಟು ನಿಲ್ಲಿಸಿದ. ದಣಿದ ಮನುಷ್ಯ. ಕಣ್ಣಿನ ಕೆಳಗೆ ಚೀಲ. “ಇದ್ದೆ,” ಎಂದ.

ಈ ಕೆಲಸದಲ್ಲಿ ಹೀಗೇ ನಡೆಯುವುದು ಎಂದು ಆಮೇಲೆ ಮೆಲ್ಲಗೆ, ಪಾಠ ಹೇಳಿಕೊಡುವವನಂತೆ ಹೇಳಿದ. ಒಪ್ಪುತ್ತೇನೆ ಎಂದು ಕೈಯೆತ್ತಲು ಸಾಧ್ಯವಿಲ್ಲದವನು ಆ ಹೊತ್ತಿಗೆ ಕೋಣೆಯಲ್ಲಿರುವುದಿಲ್ಲ. ಟ್ರಾಲರುಗಳು ನಿಂತವಲ್ಲ, ಅದು ಸಣ್ಣದಲ್ಲ. ನಿಮ್ಮ ದೋಣಿಗಳ ವಿನಾಯಿತಿ ಬಿಟ್ಟುಕೊಡದಿದ್ದರೆ ಅದೂ ಸಿಗುತ್ತಿರಲಿಲ್ಲ. ಆದರೆ ಮೂರು ದಿನ ಮೇಜು ತಟ್ಟಿದವನೇ ಕೊಟ್ಟ ಎಂದು ಕರಾವಳಿಯಲ್ಲಿ ಹೇಳಿಸಿಕೊಳ್ಳುವ ಹಾಗಿರಲಿಲ್ಲ. ಕುರ್ಚಿ ಖಾಲಿ ಬಿಡುವ ಹಾಗೂ ಇರಲಿಲ್ಲ. ವರದಿಯಲ್ಲಿ, ಪ್ರತಿನಿಧಿ ಹಾಜರಿದ್ದರು, ಆಕ್ಷೇಪಿಸಲಿಲ್ಲ ಎಂದಿರುತ್ತದೆ. ಕರಾವಳಿಯವರೇ ಹಾಜರಿದ್ದರು. ಅವಳ ಕೈ ತಾನಾಗಿ ಕೊರಳಿನ ನೀಲಿ ಪಟ್ಟಿಗೆ ಹೋಯಿತು. ಕೆರೆಯುತ್ತಿದ್ದ ಜಾಗ ಹಸಿಯಾಗಿತ್ತು.

“ನಾನು ನಿಲ್ಸಿದ್ರೆ?” ಎಂದು ಕೇಳಿದಳು. “ಫಲಕ ನಿಲ್ಸಿಬಿಟ್ಟಿದ್ರೆ ಏನ್ ಮಾಡ್ತಿದ್ರಿ?”

ಮುನ್ಯಾವೊ ಅವಳನ್ನು ನೋಡಿದ. ಅವನ ನೋಟದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. “ನಿಲ್ಸಲ್ಲ ಅಂತ ಗೊತ್ತಿತ್ತು ಮಗಳೆ,” ಎಂದ. “ಮೂರು ದಿವ್ಸದಿಂದ ನೀನೊಬ್ಬಳೇನಾ ನೋಡ್ತಾ ಕೂತಿದ್ದು?” ಅವಳ ಭುಜದ ಕಡೆ ಕೈ ಚಾಚಿ, ಮುಟ್ಟದೆ, ಎದ್ದು ಹೋದ.

ನಾಲ್ಕೂ ಕಾಲು. ಬುಯಿಬುಯಿಯ ಒಳಗೆ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಸಭಾಂಗಣ ಬಹುಮಟ್ಟಿಗೆ ಖಾಲಿಯಾಗಿತ್ತು. ಮೂಲೆಯಲ್ಲಿ ಇಬ್ಬರು ಕಾಗದ ಜೋಡಿಸುತ್ತಿದ್ದರು. ಚಹಾ ಕೊಡುವ ಅಕಿನ್ಯಿ ತಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ಕಪ್ಪು ಎತ್ತುತ್ತ ಬರುತ್ತಿದ್ದಳು. ಸೋಮೋಯೆ ಫೋನನ್ನು ಕಿವಿಗೆ ಹಿಡಿದಳು. ಮೊದಲು ಗಾಳಿ ಕೇಳಿಸಿತು. ದೋಣಿ ಚಪ್ಪರದ ತೆಂಗಿನ ಗರಿಯ ಗಾಳಿ. ಆ ಗಾಳಿಯಲ್ಲಿ ಉಪ್ಪಿನ, ಒಣಮೀನಿನ, ಬಿಸಿಲಿನ ವಾಸನೆ ಇದ್ದೇ ಇರುತ್ತದೆ. ಮೂರು ದಿನದ ಮೇಲೆ ಅವಳಿಗೆ ಮೊದಲ ಸಲ ಹಸಿವಾಯಿತು. ಹೆಂಗಸರು ಗುಜುಗುಜು ಮಾತಾಡುತ್ತಿದ್ದರು, ಯಾವುದೋ ಮಗು ಅಳುತ್ತಿತ್ತು, ಸುಮ್ನಿರೇ ಸುಮ್ನಿರೇ ಫೋನ್ ಬಂದಿದೆ ಎಂದು ಯಾರೋ ಗದರಿದರು.

“ಏನಾಯ್ತು?” ಎಂದಳು ಅಮ್ಮ. “ತೀರ್ಮಾನ ಆಯ್ತಾ?”

ಆಯಿತು ಎಂದರೆ ಸಾಕಲ್ಲ. ಆಯಿತು ಎನ್ನುವುದರಿಂದ ಶುರು ಮಾಡಬಹುದು. ಆಮೇಲೆ ಫಲಕ. ಇಲ್ಲ, ಮೊದಲು ನೀಲಿ ಪಟ್ಟಿಯಿಂದ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಅದಕ್ಕೂ ಮೊದಲು ಕಾಲುವೆ. ಅದನ್ನು ಹೇಳುವುದೇ ಬೇಡ, ಅವರಿಗೆ ಗೊತ್ತಿಲ್ಲದ್ದೇನಲ್ಲ, ನನಗೆ ಗೊತ್ತು ಎಂಬುದನ್ನು ಮಾತ್ರ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಅಮ್ಮಾ, ನಿನ್ನ ತಟ್ಟಿಯ ಮೇಲೆ ನಾಲ್ಕು ಇದ್ದವು, ನಾನು ಒಂದು ಎಂದು ಬರೆದೆ.

“ಸೋಮೋಯೆ, ಕೇಳಿಸ್ತಿದೆಯಾ? ನಮ್ಮ ದೋಣಿ ಬಿಟ್ರಂತಾ?”

ಗಾಳಿ. ಅವಳಿಗೆ ತನ್ನ ಉಸಿರು ಫೋನಿನಲ್ಲಿ ಮರಳಿ ಕೇಳಿಸಿತು. ಇನ್ನೊಂದು ಸಲ ಕೇಳಲಿ, ಆಗ ಹೇಳುತ್ತೇನೆ. ಅಕಿನ್ಯಿ ಮೂರನೆಯ ಮೇಜಿಗೆ ಬಂದಳು.

“ನೀನು ಮಾತಾಡಿದೆ ತಾನೆ?” ಮೂರನೆಯ ಸಲ ಅಮ್ಮ ಕೇಳಿದಳು. ಸೋಮೋಯೆಯ ಬಾಯಿ ತೆರೆದುಕೊಂಡೇ ಇತ್ತು, ಮರಳಿನ ಮೇಲಿನ ಮರಿಯ ಹಾಗೆ. ಅಮ್ಮನ ದನಿಯಲ್ಲಿ ನಗು ಬಂತು. ಫೋನಿನಿಂದ ಮುಖ ತಿರುಗಿಸಿ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. “ಅಳ್ತಿದಾಳೆ. ಗೆದ್ದುಬಿಟ್ಟಿದಾಳೆ ಕಣ್ರೇ, ಮಾತು ಹೊರಡ್ತಿಲ್ಲ. ನನ್ ಮಗಳ ಮೌನ ನಂಗೆ ಗೊತ್ತಾಗಲ್ವಾ.”

ಮೊದಲು ಒಬ್ಬಳು, ಆಮೇಲೆ ಇಬ್ಬರು, ಆಮೇಲೆ ಇಡೀ ಚಪ್ಪರ ನಾಲಗೆ ಹೊರಳಿಸಿ ಉಲುಲು ಹಾಕಿತು. ಫೋನು ಅಂಗೈಯಲ್ಲಿ ಬೆಚ್ಚಗಾಗಿ ಕಂಪಿಸುತ್ತಿತ್ತು. ಅಕಿನ್ಯಿ ಅವಳ ಮೇಜಿನ ಹತ್ತಿರ ಬಂದು ನಿಂತು, ಕೆನೆಗಟ್ಟಿದ ಕಪ್ಪನ್ನು ಗಲ್ಲದಿಂದ ತೋರಿಸಿ, ಇದು ತಣ್ಣಗಾಗಿದೆ, ತೆಗೀಲಾ ಎಂದು ಕೇಳಿದಳು. ಉತ್ತರ ಬರಲಿಲ್ಲ. ಬರದಿದ್ದರೆ ತೆಗೆ ಎಂದೇ ಅರ್ಥ ಎಂಬಂತೆ ಕೈ ಚಾಚಿ ಕಪ್ಪಿನ ಕಿವಿ ಹಿಡಿದಳು.

“ಬೇಡ,” ಎಂದಳು ಸೋಮೋಯೆ.

ಅದು ಎಷ್ಟು ಗಟ್ಟಿಯಾಗಿ ಬಂತೆಂದರೆ ಮೂಲೆಯಲ್ಲಿ ಕಾಗದ ಜೋಡಿಸುತ್ತಿದ್ದ ಇಬ್ಬರೂ ತಿರುಗಿ ನೋಡಿದರು. ಅಕಿನ್ಯಿ ಕೈ ಹಿಂದೆಗೆದುಕೊಂಡು, ಆಯ್ತಮ್ಮ, ತಣ್ಣನೆ ಚಹಾ ತಾನೆ, ನೀನೇ ಇಟ್ಕೋ ಎಂದು ಗೊಣಗಿ ಮುಂದೆ ಹೋದಳು. ಕಪ್ಪಿನ ಕೆನೆ ಸ್ವಲ್ಪ ಹೊತ್ತು ಅತ್ತಿತ್ತ ಅಲ್ಲಾಡಿ ನಿಂತಿತು. ಫೋನಿನಲ್ಲಿ ಉಲುಲು ಒಂದೊಂದಾಗಿ ನಿಲ್ಲುತ್ತ ಬಂತು. ಕೊನೆಯವಳು ಯಾರೋ ಇನ್ನೂ ಹಾಕುತ್ತಿದ್ದಳು, ಅವಳನ್ನೂ ಯಾರೋ ತಡೆದರು. ಮತ್ತೆ ತೆಂಗಿನ ಗರಿಯ ಗಾಳಿ.

“ಏನು ಬೇಡ?” ಎಂದಳು ಅಮ್ಮ. “ಸೋಮೋಯೆ, ಏನು ಬೇಡ ಅಂದೆ?”